ನಿಕಾನ್ ಝಡ್ 6

ನಿಕಾನ್ ಝಡ್ 6 ಎಂಬುದು ಜಪಾನಿನ ನಿಕಾನ್ ಸಂಸ್ಥೆಯು 2018ರ ಆಗಸ್ಟ್ ತಿಂಗಳಿನಲ್ಲಿ ಪ್ರಕಟಿಸಿದ, 24.5 ಮೆಗಾಪಿಕ್ಸೆಲ್ ಸಾಮರ್ಥ್ಯದ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ. ಡಿಎಸ್‌ಎಲ್‌ಆರ್‌ನಲ್ಲಿರುವ ಕನ್ನಡಿ ಇದರಲ್ಲಿಲ್ಲ. ದೃಶ್ಯವನ್ನು ವಿದ್ಯುನ್ಮಾನ ವ್ಯೂಫೈಂಡರ್ ತೋರಿಸುತ್ತದೆ.

ಡಿಎಸ್‌ಎಲ್‌ಆರ್ ಬಳಕೆದಾರರಿಗೆ ಇದರ ಉಪಯುಕ್ತತೆ

ರಂಗನತಿಟ್ಟಿನಂತಹ ಪಕ್ಷಿಧಾಮಗಳಲ್ಲಿ ಕುಳಿತ ಹಕ್ಕಿಗಳನ್ನು ಬೆದರಿಸದೆ ಚಿತ್ರಿಸಲು ಇದರ ನಿಶ್ಶಬ್ದ ಶಟರ್ ಅನುಕೂಲಕರ. ಕ್ಯಾಮೆರಾದೊಳಗಿನ ಕಂಪನ ನಿವಾರಣೆಯು ಹಳೆಯ ಲೆನ್ಸ್‌ಗಳಿಗೂ ಒದಗುತ್ತದೆ. 1959ರಿಂದ ಬಳಕೆಯಲ್ಲಿರುವ ಎಫ್ ಮೌಂಟ್‌ನ ಲೆನ್ಸ್‌ಗಳನ್ನು ಎಫ್‌ಟಿಝಡ್ ಅಡಾಪ್ಟರ್ ಮೂಲಕ ಜೋಡಿಸಬಹುದು. ಆದರೆ ಅಡಾಪ್ಟರ್‌ನಲ್ಲಿ ಮೋಟಾರು ಇಲ್ಲದ ಕಾರಣ ಎಎಫ್-ಎಸ್‌ನಂತಹ, ತಮ್ಮೊಳಗೇ ಮೋಟಾರು ಇರುವ ಲೆನ್ಸ್‌ಗಳು ಮಾತ್ರ ತಾವಾಗಿ ಫೋಕಸ್ ಆಗುತ್ತವೆ. ಎಎಫ್-ಡಿ ಲೆನ್ಸ್‌ಗಳನ್ನು ಕೈಯಿಂದಲೇ ಹೊಂದಿಸಬೇಕು.

ಪೂರ್ಣ ಚಾರ್ಜಿಗೆ ಡಿ750 ಸುಮಾರು 1,230 ಚಿತ್ರಗಳನ್ನು ತೆಗೆದರೆ, ಝಡ್ 6 ತೆಗೆಯುವುದು ಸುಮಾರು 310. ಹಳೆಯ ಎಸ್‌ಡಿ ಕಾರ್ಡುಗಳೂ ಇದಕ್ಕೆ ಹೊಂದುವುದಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ತಮ್ಮಲ್ಲಿರುವ ಲೆನ್ಸ್‌ಗಳ ಬಗೆಯನ್ನು ಪರಿಶೀಲಿಸುವುದು ಅಗತ್ಯ.