ತುಲಾ ಮಳೆಯಲ್ಲಿ ಲಾಲ್‌ಬಾಗ್

ಕೊಡೆಯನ್ನು ಒಣಗಿಸಿ ಅಟ್ಟಕ್ಕೇರಿಸಿದ ಮೇಲೆ ಬರುವ ಮಳೆಗೆ ನಮ್ಮ ಕಡೆ ತುಲಾ ಮಳೆ ಎಂದು ಹೆಸರು. ಘಟ್ಟದ ಮೇಲಿನವರು ಅದನ್ನೇ ಹಿಂಗಾರು ಎನ್ನುತ್ತಾರೆ. ಪಂಚಾಂಗ ನೋಡುವ ಹಿರಿಯರು ಚಿತ್ತೆ, ಸ್ವಾತಿ ಎಂದು ನಕ್ಷತ್ರ ಹಿಡಿದು ಕರೆಯುತ್ತಾರೆ. ಹೆಸರು ಯಾವುದಾದರೇನು, ನೆನೆಯುವುದು ಒಂದೇ. 2024ರ ಅಕ್ಟೋಬರಿನ ಒಂದು ಆದಿತ್ಯವಾರ ನಾವು ನಾಲ್ವರು ಗೆಳೆಯರು ಬೆಂಗಳೂರಿನ ಲಾಲ್‌ಬಾಗಿನಲ್ಲಿ ಹಾಗೆ ಚೆನ್ನಾಗಿ ನೆನೆದೆವು.

ನಾಲ್ವರೂ ಮಂಗಳೂರಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಟಿ.ಸಿ.ಎಚ್. ಮುಗಿಸಿದವರು. ಮೂವರು ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಉಳಿದೆವು. ಒಬ್ಬರು ಬೆಂಗಳೂರು ಸೇರಿ ಅಲ್ಲೇ ಮನೆ ಕಟ್ಟಿಕೊಂಡರು. ಆ ಮನೆಯ ಒಕ್ಕಲಿಗೆ ಹೋದದ್ದು ನಮ್ಮ ಪ್ರಯಾಣದ ಕಾರಣ. ಶನಿವಾರ ಒಕ್ಕಲಿನ ಊಟವಾಯಿತು. ಊರಿಗೆ ರೈಲು ಇರುವುದು ಮರುದಿನ ರಾತ್ರಿ. ನಡುವಿನ ಹಗಲನ್ನು ಏನು ಮಾಡುವುದು? ಅಂಗಡಿ ಬೀದಿ ಸುತ್ತುವ ವಯಸ್ಸು ನಮ್ಮದಲ್ಲ, ಅದಕ್ಕೆ ಬೇಕಾದ ಸಂಬಳವೂ ಅಲ್ಲ. "ಲಾಲ್‌ಬಾಗಿಗೆ ಹೋಗೋಣ" ಎಂದರು ವಿಜ್ಞಾನ ಕಲಿಸುವ ಗೆಳೆಯರು. ಹೊರಗೆ ಮಳೆ ಹನಿಯುತ್ತಿತ್ತು. ಮಳೆಯಲ್ಲಿ ತೋಟ ನೋಡುವುದು ಯಾವ ಮರುಳು ಎಂದು ಮನೆಯವರು ನಕ್ಕರು. ಕಾಸರಗೋಡಿನವರಿಗೆ ಮಳೆಯ ಹೆದರಿಕೆಯೇ ಎಂದು ನಾವೂ ನಕ್ಕು ಹೊರಟೆವು.

ಬಂಡೆ ಮತ್ತು ತೋಟ

ಮಳೆಯಿಂದಾಗಿ ಜನ ಕಡಿಮೆ. ದಾರಿಯುದ್ದಕ್ಕೂ ಉದುರಿದ ಎಲೆ, ಹೂವು. ಮೊದಲು ಹತ್ತಿದ್ದು ಕೆಂಪೇಗೌಡರ ಕಾಲದ್ದೆಂದು ಹೇಳುವ ಗೋಪುರವಿರುವ ಬಂಡೆಯನ್ನು. ನೆನೆದ ಬಂಡೆ ಜಾರುತ್ತಿತ್ತು, ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಈ ಬಂಡೆಯ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಇದೂ ಒಂದು. "ನಾವು ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿಸುವ ಸಂಗತಿಯ ಮೇಲೆ ಈಗ ನಿಂತಿದ್ದೇವೆ" ಎಂದರು ವಿಜ್ಞಾನದ ಮಾಸ್ತರರು.

ಬಂಡೆಗೆ ಹೋಲಿಸಿದರೆ ತೋಟ ನಿನ್ನೆಯದು. ಹೈದರಾಲಿ 1760ರಲ್ಲಿ ಸುಮಾರು ನಲ್ವತ್ತು ಎಕರೆಯಲ್ಲಿ ಇದನ್ನು ಆರಂಭಿಸಿದ. ಮಗ ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ. ಈಗ ಅದು ಸುಮಾರು 240 ಎಕರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಂಪೆನಿ ಸರಕಾರದ ಅಪ್ಪಣೆಯಂತೆ ಈ ನಾಡನ್ನೆಲ್ಲ ಸುತ್ತಿದಾಗ ಬೆಂಗಳೂರಿನ ತೋಟಗಳನ್ನೂ ನೋಡಿ ಬರೆದಿಟ್ಟ. ಚೌಕ ಚೌಕ ಪಾತಿಗಳು, ನಡುವೆ ಕಾಲುದಾರಿ, ದಾರಿಯ ಬದಿಗೆ ಸೈಪ್ರಸ್ ಮರಗಳು ಅವನ ಬರಹದಲ್ಲಿವೆ. ಅದೇ ಪ್ರಯಾಣದಲ್ಲಿ ಅವನು ಮಲಬಾರನ್ನು ಹಾದು, 1801ರ ಆರಂಭದಲ್ಲಿ ನಮ್ಮ ಬೇಕಲ, ಕಾಸರಗೋಡು, ಮಂಜೇಶ್ವರಗಳ ದಾರಿಯಾಗಿ ಮಂಗಳೂರಿಗೆ ನಡೆದ. ನಾವು ಒಂದು ರಾತ್ರಿಯ ನಿದ್ದೆಯಲ್ಲಿ ದಾಟುವ ದೂರಕ್ಕೆ ಅವನಿಗೆ ತಿಂಗಳುಗಳೇ ಹಿಡಿದವು.

ಗಾಜಿನ ಮನೆಯಲ್ಲಿ

ಬಂಡೆ ಇಳಿಯುವಷ್ಟರಲ್ಲಿ ಮಳೆ ಜೋರಾಯಿತು. ಓಡಿ ಹೋಗಿ ಗಾಜಿನ ಮನೆ ಸೇರಿದೆವು. ಗಣರಾಜ್ಯ ದಿನಕ್ಕೂ ಸ್ವಾತಂತ್ರ್ಯ ದಿನಕ್ಕೂ ಇಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಕಾಲಿಡಲು ಜಾಗವಿರುವುದಿಲ್ಲ. ಆ ದಿನ ನಾವು, ಒಂದೆರಡು ಸಂಸಾರಗಳು, ಮೂರು ನಾಯಿಗಳು ಮಾತ್ರ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯ ಈ ಕಟ್ಟಡಕ್ಕೆ 1889ರ ನವೆಂಬರಿನಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಮೇಲೆ ಮಳೆ ಬಡಿಯುವ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ನಮ್ಮ ಹಳೆಯ ಶಾಲೆಯ ತಗಡಿನ ಮಾಡಿನ ಕೆಳಗೆ ಪಾಠ ನಿಲ್ಲಿಸಿ ಮಳೆ ಬಿಡುವುದನ್ನು ಕಾಯುವ ಹಾಗೆಯೇ ಕುಳಿತೆವು.

ಮಳೆ ತುಸು ತಗ್ಗಿದಾಗ ಮಾತು ತೋಟವನ್ನು ನೋಡಿಕೊಂಡವರ ಕಡೆ ತಿರುಗಿತು. 1856ರಲ್ಲಿ ಇದು ಸರಕಾರಿ ಸಸ್ಯತೋಟವಾಯಿತು. 1874ರಲ್ಲಿ ಬಂದ ಜಾನ್ ಕ್ಯಾಮರನ್ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದರು. 1908ರಲ್ಲಿ ಅವರ ಜಾಗಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಿಗೆ ಯಾವ ತಿಂಗಳಲ್ಲಿ ಯಾವ ಮರ ಹೂ ಬಿಡಬೇಕೆಂದು ಯೋಚಿಸಿ ಸಾಲುಮರ ನೆಡಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರು ದೇಶದವರೆಂದು ಅವರನ್ನು ಬಂಧನದಲ್ಲಿ ಇಟ್ಟರು. ಆದರೂ ಅವರು ಈ ಊರನ್ನು ಬಿಡಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ಕಾಲವಾದರು. ಅವರ ಬಳಿಕ ಎಚ್.ಸಿ. ಜವರಾಯರು, ಮುಂದೆ ಎಂ.ಎಚ್. ಮರೀಗೌಡರು ತೋಟದ ಹೊಣೆ ಹೊತ್ತರು. ಒಬ್ಬರು ನೆಟ್ಟದ್ದನ್ನು ಮತ್ತೊಬ್ಬರು ಕಡಿಯಲಿಲ್ಲ ಎಂಬುದೇ ಈ ತೋಟದ ಭಾಗ್ಯ ಎಂದು ನಮಗೆ ತೋರಿತು.

ಪರವೂರಿನ ಗಿಡಗಳು

ಮಳೆ ಹನಿಗಿಳಿದ ಮೇಲೆ ಮತ್ತೆ ಹೊರಟೆವು. ಒಂದು ಕಡೆ ನಾಗಲಿಂಗದ ಮರ. ಕೆಳಗೆ ಒದ್ದೆ ನೆಲದ ಮೇಲೆ ಹೂವು ಬಿದ್ದು ಪರಿಮಳ ಬೀರುತ್ತಿತ್ತು. ಒಂದನ್ನು ಕೈಗೆತ್ತಿಕೊಂಡೆವು. ನಡುವೆ ಲಿಂಗ, ಮೇಲೆ ಹೆಡೆ ಬಿಚ್ಚಿದ ನಾಗ. "ಶಿವನ ಗುಡಿಯ ಅಂಗಳದ ಈ ಮರ ಎಲ್ಲಿಯದು ಹೇಳಿ ನೋಡೋಣ?" ಎಂದು ವಿಜ್ಞಾನದವರು ಪರೀಕ್ಷೆ ಮಾಡಿದರು. ಕಾಶಿ ಎಂದರು ಒಬ್ಬರು. ಅಲ್ಲ. ದಕ್ಷಿಣ ಅಮೆರಿಕದ ಕಾಡಿನದು!

ಅಲ್ಲಿಂದ ಮುಂದೆ ಇದೇ ಆಟವಾಯಿತು. ಬೇಸಿಗೆಯಲ್ಲಿ ಕೆಂಪಾಗುವ ಗುಲ್ಮೊಹರ್ ಮಡಗಾಸ್ಕರಿನದು. ಕೊಡೆಯಂತೆ ಹರಡುವ ಮಳೆಮರ ಅಮೆರಿಕದ್ದು. ನೆಟ್ಟಗೆ ನಿಂತ ಅರೌಕೇರಿಯಾ ಪೆಸಿಫಿಕ್ ಸಾಗರದ ದ್ವೀಪದಿಂದ ಬಂದದ್ದು. ತರಕಾರಿಗಳಿಗೂ ಇದೇ ಮಾತು. ಸೀಮೆ ಬದನೆಕಾಯಿ ಬೆಂಗಳೂರಿನ ಅಡುಗೆಮನೆಗೆ ಹೊಕ್ಕದ್ದು ಕ್ಯಾಮರನ್ನರ ಕಾಲದಲ್ಲಿ ಈ ತೋಟದ ಮೂಲಕ. ಹಿಂದಿನ ದಿನ ಒಕ್ಕಲಿನ ಊಟದಲ್ಲಿ ಅದರದೇ ಕೂಟು ಬಡಿಸಿದ್ದರು. ಮೆಕ್ಸಿಕೋದ ಕಾಯಿ ತಿಂದೆವೆಂದು ಯಾರಿಗೂ ಅನ್ನಿಸಿರಲಿಲ್ಲ. ಹೊರಗಿನಿಂದ ಬಂದದ್ದಕ್ಕೆಲ್ಲ 'ಸೀಮೆ' ಎಂದು ಹಣೆಪಟ್ಟಿ ಅಂಟಿಸಿ ಬಳಿಕ ಮನೆಯದನ್ನಾಗಿ ಮಾಡಿಕೊಳ್ಳುವುದು ಕನ್ನಡಿಗರ ರೂಢಿ. ಸೀಮೆಎಣ್ಣೆ, ಸೀಮೆಹುಣಸೆ, ಇಷ್ಟು ವರ್ಷ ನಮಗೆ ಅನ್ನ ಕೊಟ್ಟ ಸೀಮೆಸುಣ್ಣ, ಎಲ್ಲವೂ ಹಾಗೆಯೇ.

ನಮ್ಮ ಜಿಲ್ಲೆಯೂ ಇದಕ್ಕೆ ಹೊರತಲ್ಲ. ಗುಡ್ಡದ ತುಂಬ ಬೆಳೆದ ಗೇರು ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಕಾಸರಗೋಡಿನಲ್ಲಿ 1916ರಲ್ಲಿ ಆರಂಭವಾದ ತೆಂಗಿನ ಸಂಶೋಧನಾ ಕೇಂದ್ರದ ತೋಟದಲ್ಲಿ ಹೊರದೇಶಗಳ ತೆಂಗಿನ ತಳಿಗಳೂ ನಮ್ಮವುಗಳ ಜತೆಗೆ ಬೆಳೆದಿವೆ. ನೀರು ಹೊಯ್ದವರ ಕೈಗೆ ಗಿಡ ಒಲಿಯುತ್ತದೆ.

ಬಪ್ಪಂಗಾಯಿಯ ಪ್ರಸಂಗ

ಹೊಟ್ಟೆ ಹಸಿದಿತ್ತು. ಬಾಗಿಲಿನ ಹೊರಗೆ ಒಬ್ಬ ತಾಯಿ ಗಾಡಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ ಹಣ್ಣು ಹೆಚ್ಚಿ ಮಾರುತ್ತಿದ್ದರು.

"ಬಪ್ಪಂಗಾಯಿ ನಾಲ್ಕು ತಟ್ಟೆ ಕೊಡಿ ಅಮ್ಮಾ" ಎಂದರು ಕನ್ನಡ ಕಲಿಸುವ ಗೆಳೆಯರು.

"ಏನ್ ಸಾರ್?"

ಬೆರಳಿನಿಂದ ತೋರಿಸಿದೆವು.

"ಓ, ಪರಂಗಿ ಹಣ್ಣಾ! ಯಾವೂರು ಸಾರ್ ನಿಮ್ದು?"

"ಕಾಸರಗೋಡು."

"ಕೇರಳ ಅಲ್ವಾ ಸಾರ್? ಪರವಾಗಿಲ್ಲ, ಕನ್ನಡ ಚೆನ್ನಾಗೇ ಕಲ್ತಿದ್ದೀರ!"

ನಮ್ಮ ಪಂಡಿತರ ಮುಖ ನೋಡಬೇಕಿತ್ತು. ಎರಡು ದಶಕ ಸಂಧಿ ಸಮಾಸ ಹೇಳಿಕೊಟ್ಟವರು ಅವರು. ಗಡಿನಾಡಿನ ವಾಚಕರಿಗೆ ಈ ಮಾತು ಹೊಸತಲ್ಲ. ಘಟ್ಟ ಹತ್ತಿದ ಪ್ರತಿಯೊಬ್ಬರೂ ಒಂದಲ್ಲ ಒಂದು ಸಲ ಈ ಹೊಗಳಿಕೆಯನ್ನು ಕೇಳಿ ಒಳಗೊಳಗೇ ನೊಂದವರೇ. ಪಂಡಿತರು ಸುಮ್ಮನಿರಲಿಲ್ಲ. ನಾವು ಎಲ್ಲಿಂದಲೂ ಬಂದವರಲ್ಲ, ಮೊದಲು ದಕ್ಷಿಣ ಕನ್ನಡದಲ್ಲಿ ಇದ್ದವರು, 1956ರ ನವೆಂಬರ್ ಒಂದರಂದು ಕೂತಲ್ಲೇ ಕೂತಿದ್ದ ಹಾಗೆ ಕೇರಳದವರಾದೆವು ಎಂದು ಮಳೆಯಲ್ಲಿ ನಿಂತೇ ಒಂದು ಪಾಠ ಮಾಡಿದರು. ಆ ತಾಯಿ ಹಣ್ಣು ಹೆಚ್ಚುತ್ತಲೇ ಕೇಳಿದರು. ಆಮೇಲೆ ಉಪ್ಪು ಖಾರ ಉದುರಿಸಿ ತಟ್ಟೆ ಕೈಗಿಡುತ್ತ, "ನಮ್ಮನೇಲಿ ತೆಲುಗು ಸಾರ್. ಮುಳಬಾಗಿಲು ಕಡೆಯವರು. ನಾನು ಕನ್ನಡ ಕಲ್ತಿದ್ದು ಇಲ್ಲಿಗೆ ಬಂದ್ಮೇಲೇ" ಎಂದರು.

ಪಂಡಿತರ ಕೋಪ ಇಳಿಯಿತು. ತಟ್ಟೆ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾಲ್ವರಲ್ಲಿ ಮನೆಯಲ್ಲಿ ಕನ್ನಡ ಆಡುವವರು ಇಬ್ಬರೇ. ಒಬ್ಬರ ಮನೆಮಾತು ತುಳು, ಪಂಡಿತರದು ಕೊಂಕಣಿ. ನಮ್ಮ ತರಗತಿಗಳಲ್ಲಿ ಕುಳಿತ ಮಕ್ಕಳಲ್ಲೂ ತುಳುವರಿದ್ದಾರೆ, ಮರಾಠಿ, ಬ್ಯಾರಿ, ಮಲಯಾಳ ಆಡುವವರಿದ್ದಾರೆ. ಅವರಿಗೆ ಕನ್ನಡ ತೊಟ್ಟಿಲಿನಲ್ಲಿ ಬಂದದ್ದಲ್ಲ, ಶಾಲೆಯಲ್ಲಿ ನೆಟ್ಟು ನೀರು ಹೊಯ್ದು ಬಂದದ್ದು. ಹಾಗಿರುವಾಗ 'ಚೆನ್ನಾಗಿ ಕಲಿತಿದ್ದೀರಿ' ಎಂಬುದು ಅವಮಾನವೇ? ನಾವು ಮಾಡುತ್ತಿರುವುದೇ ಆ ಕೆಲಸವಲ್ಲವೇ?

ರಾತ್ರಿಯ ರೈಲಿನಲ್ಲಿ ಇದೇ ಮಾತು. ಹುಟ್ಟಿನ ಹಕ್ಕು ಎಂದು ನಂಬಿ ಸುಮ್ಮನೆ ಕೂತರೆ ಆಗದು ಎಂಬುದು ನಮಗೆ ಗೊತ್ತು. ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಗೆ ಕನ್ನಡದಲ್ಲಿ ಎರಡು ಡಿವಿಜನ್ ಇತ್ತು, ಈಗ ಒಂದಾಗಿದೆ. ಡಿವಿಜನ್ ಬಿದ್ದರೆ ಅಧ್ಯಾಪಕರ ಹುದ್ದೆ ಬೀಳುತ್ತದೆ, ಹುದ್ದೆ ಬಿದ್ದರೆ ಮರುವರ್ಷ ಮಕ್ಕಳು ಇನ್ನೂ ಕಡಿಮೆ. ಹೆತ್ತವರನ್ನು ದೂರಿ ಫಲವಿಲ್ಲ, ಅವರಿಗೆ ಮಕ್ಕಳ ಮುಂದಿನ ಚಿಂತೆ. ನಮ್ಮಲ್ಲೇ ಒಬ್ಬರು ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದನ್ನು ಆ ರಾತ್ರಿ ತಾವಾಗಿಯೇ ಹೇಳಿಕೊಂಡರು. ಯಾರೂ ಅವರನ್ನು ಆಕ್ಷೇಪಿಸಲಿಲ್ಲ. ಸ್ವಲ್ಪ ಹೊತ್ತು ರೈಲಿನ ಸದ್ದು ಮಾತ್ರ ಕೇಳುತ್ತಿತ್ತು.

ಮರಳಿದ ಮೇಲೆ

ಲಾಲ್‌ಬಾಗಿನ ಮರಗಳಿಗೆ ಹಾಕಿದ ಹೆಸರಿನ ಫಲಕಗಳು ಮಾತ್ರ ತಲೆಯಿಂದ ಹೋಗಲಿಲ್ಲ. ಶಾಲೆ ತೆರೆದ ವಾರದಲ್ಲೇ ಎಂಟನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹಿತ್ತಿಲಿಗೆ ಹೋದೆವು. ತುಲಾ ಮಳೆ ಅಲ್ಲೂ ಬಿಟ್ಟಿರಲಿಲ್ಲ. ಮರ ತೋರಿಸಿ ಹೆಸರು ಕೇಳಿದರೆ ಒಂದು ಮರಕ್ಕೆ ಮೂರು ಹೆಸರು ಬಂತು. ಮಾವು ಎಂದರು ಕೆಲವರು, ಕುಕ್ಕು ಎಂದರು ತುಳುವಿನ ಮಕ್ಕಳು. ತೆಂಗು ಅವರಿಗೆ ತಾರೆ. ಬಪ್ಪಂಗಾಯಿಗೆ ಬೆಂಗಳೂರಿನಲ್ಲಿ ಪರಂಗಿ ಹಣ್ಣು ಎನ್ನುತ್ತಾರೆಂದು ಹೇಳಿದಾಗ ಎಲ್ಲರೂ ನಕ್ಕರು. ಒಂದೆರಡು ಮರಗಳ ಹೆಸರು ಮಕ್ಕಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅಡುಗೆಯ ಅಕ್ಕನನ್ನು ಕರೆದು ಕೇಳಬೇಕಾಯಿತು. ಅವರು ಎಲೆ ಹಿಸುಕಿ ಮೂಸಿ ಹೇಳಿಬಿಟ್ಟರು.

ತಗಡಿನ ತುಂಡುಗಳಿಗೆ ಬಿಳಿ ಬಣ್ಣ ಬಳಿದು ಮಕ್ಕಳೇ ಹೆಸರು ಬರೆದರು. ಮೇಲೆ ಕನ್ನಡ, ಕೆಳಗೆ ತುಳು. ಅರ್ಧ ಮುಗಿಯುವಷ್ಟರಲ್ಲಿ ಪಕ್ಕದ ಮಲಯಾಳ ಡಿವಿಜನಿನ ಹುಡುಗರು ಬಂದು ನಿಂತರು. ನಮ್ಮದನ್ನೂ ಬರೆಯಬಹುದೇ ಎಂದು ಕೇಳಿದರು. ಜಾಗ ಇತ್ತು, ಬರೆದರು. ಅವರಲ್ಲಿ ಒಬ್ಬ ಈಗ ದಿನಕ್ಕೊಂದು ಕನ್ನಡ ಅಕ್ಷರವನ್ನು ಫಲಕ ನೋಡಿ ಕೂಡಿಸಿ ಓದುತ್ತಾನೆ. ತಪ್ಪಿದರೆ ನಮ್ಮ ಹುಡುಗಿಯರು ತಿದ್ದುತ್ತಾರೆ.

ಇದರಿಂದ ಬಿದ್ದ ಡಿವಿಜನ್ ಎದ್ದು ನಿಲ್ಲುವುದಿಲ್ಲ ಎಂಬುದನ್ನು ನಾವು ಬಲ್ಲೆವು. ಆದರೂ ಇತರ ಶಾಲೆಗಳ ಸಹೋದ್ಯೋಗಿಗಳು ಮಾಡಿ ನೋಡಬಹುದು. ಖರ್ಚು ಹೆಚ್ಚಿಲ್ಲ. ಮರಕ್ಕೆ ಮೊಳೆ ಹೊಡೆಯಬೇಡಿ, ಹಗ್ಗದಿಂದ ಸಡಿಲವಾಗಿ ಕಟ್ಟಿ. ಕಾಂಡ ದಪ್ಪವಾದ ಹಾಗೆ ವರ್ಷಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟಬೇಕು.