ಪೆಂಡುರ್ತಿಯ ಕಾರಿನಲ್ಲಿ ಧಾರವಾಡ ಆಕಾಶವಾಣಿ

ವಿಶಾಖಪಟ್ಟಣದಲ್ಲಿ ಕಾರಿನ ಎಫ್‌ಎಂ ತಿರುಗಿಸಿದರೆ ತೆಲುಗು ಸಿಗುತ್ತದೆ, ಹಿಂದಿ ಸಿಗುತ್ತದೆ, ಕನ್ನಡ ಸಿಗುವುದಿಲ್ಲ. ಎಫ್‌ಎಂ ತರಂಗ ಹೆಚ್ಚೂಕಡಿಮೆ ಕಣ್ಣಳತೆಯ ದಾರಿಯಲ್ಲೇ ಸಾಗುವಂಥದ್ದು. ಗೋಪುರದಿಂದ ಐವತ್ತು ಅರವತ್ತು ಕಿಲೊಮೀಟರ್ ದಾಟಿದರೆ ಗೊರಗೊರ ಶುರು. ಹೊರರಾಜ್ಯದಲ್ಲಿ ಹಳೆಯ ಕಾರು ಓಡಿಸುವ ನಮ್ಮಂಥವರಿಗೆ, ಅದರ ರೇಡಿಯೊ ಬಿಚ್ಚಿಸಿ ಟಚ್‌ಸ್ಕ್ರೀನ್ ಹಾಕಿಸುವುದು ಬರೀ ಶೋಕಿಯ ಮಾತಲ್ಲ ಎನ್ನುವುದು ಇದಕ್ಕೇ.

ನನ್ನದು 2011ರ ವ್ಯಾಗನ್‌ಆರ್, ಕೆಎ 27. ಪರವಾಡದ ಫಾರ್ಮಾ ಸಿಟಿಯಲ್ಲಿ ಕೆಲಸ ಸಿಕ್ಕಾಗ ಹಾವೇರಿಯಿಂದ ಓಡಿಸಿಕೊಂಡೇ ಬಂದೆ. ಪೆಂಡುರ್ತಿಯಲ್ಲಿ ಮನೆ. ಅವ್ವ ಜೊತೆಗಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಅವಳ ಮಂಡಿಯ ಫಿಸಿಯೋಥೆರಪಿಗೆ ಗೋಪಾಲಪಟ್ಟಣ, ಎನ್‌ಎಡಿ ಫ್ಲೈಓವರ್ ದಾಟಿ ಬಿಆರ್‌ಟಿಎಸ್ ರಸ್ತೆಯಲ್ಲಿ ಊರೊಳಗೆ ಹೋಗಬೇಕು. ಹೋಗಿ ಬರುವುದರೊಳಗೆ ಎರಡು ತಾಸು. ಅವಳಿಗೆ ತೆಲುಗು ಬಾರದು. ರಸ್ತೆಬದಿಯ ಬೋರ್ಡುಗಳ ಅಕ್ಷರ ಮಾತ್ರ ನಮ್ಮದರ ಹಾಗೇ ಇರುವುದರಿಂದ ಕೂಡಿಸಿ ಕೂಡಿಸಿ ಓದುತ್ತಾಳೆ. ಅದು ಮುಗಿದರೆ ಸುಮ್ಮನೆ ಕಿಟಕಿ ನೋಡುತ್ತ ಕೂರುವುದು. ‘ಊರಾಗಿದ್ರ ಇಷ್ಟೊತ್ತಿಗೆ ಧಾರವಾಡ ಹಚ್ತಿದ್ದೆ ನೋಡಪಾ’ ಎಂದು ಒಂದೆರಡು ಸಲ ಅಂದಳು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ಅವಳ ತಲೆಮಾರಿನವರಿಗೆ ಮನೆಯ ಗಡಿಯಾರವಿದ್ದಂತೆ.

ಹಳೆಯ ರೇಡಿಯೊದಲ್ಲಿ ಎಎಂ, ಅಂದರೆ ಮಧ್ಯಮ ತರಂಗವಿತ್ತು. ಅದನ್ನು ಹಗುರಾಗಿ ಬಿಟ್ಟುಕೊಡಬೇಡಿ. ಮಧ್ಯಮ ತರಂಗಗಳು ಹಗಲಿನಲ್ಲಿ ನೆಲಕ್ಕಂಟಿ ಸಾಗಿ ಸೋತುಹೋಗುತ್ತವೆ. ಕತ್ತಲಾದ ಮೇಲೆ ಮೇಲಿನ ಅಯಾನುಗೋಳಕ್ಕೆ ಬಡಿದು ನೂರಾರು ಕಿಲೊಮೀಟರ್ ಆಚೆ ಇಳಿಯುತ್ತವೆ. ಹೋದ ಚಳಿಗಾಲದ ಕೆಲವು ರಾತ್ರಿ ಬೆಂಗಳೂರಿನ 612 ಕಿಲೊಹರ್ಟ್ಸ್, ಇನ್ನೂ ಅಪರೂಪಕ್ಕೆ ಧಾರವಾಡದ 765 ಈ ಕಾರಿನಲ್ಲಿ ತೆರೆ ತೆರೆಯಾಗಿ ಬಂದು ಹೋಗಿದ್ದುಂಟು. ಆದರೆ ಅವ್ವನ ಫಿಸಿಯೋಥೆರಪಿ ಬೆಳಗಿನ ಹತ್ತಕ್ಕೆ. ಆ ಹೊತ್ತಿಗೆ ಅಯಾನುಗೋಳ ನಮ್ಮ ಕೆಲಸಕ್ಕೆ ಬರುವುದಿಲ್ಲ.

ಉಳಿದ ದಾರಿ ಇಂಟರ್‌ನೆಟ್. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ದೇಶದ ಇನ್ನೂರಕ್ಕೂ ಹೆಚ್ಚು ಆಕಾಶವಾಣಿ ವಾಹಿನಿಗಳು ಪುಕ್ಕಟೆ ಸಿಗುತ್ತವೆ. ಬೆಂಗಳೂರು, ಧಾರವಾಡ, ಮೈಸೂರು ಎಲ್ಲ ಅಲ್ಲಿವೆ. ಡೇಟಾ ಖರ್ಚಿಗೆ ಹೆದರಬೇಕಿಲ್ಲ. ಸೆಕೆಂಡಿಗೆ 64 ಕಿಲೊಬಿಟ್ ಲೆಕ್ಕ ಹಿಡಿದರೆ ತಾಸಿಗೆ 29 ಎಂಬಿ. ದಿನಕ್ಕೆ ಎರಡು ತಾಸು ಕೇಳಿದರೂ ತಿಂಗಳಿಗೆ ಎರಡು ಜಿಬಿ ಆಗುವುದಿಲ್ಲ.

ಹಾಗಿದ್ದರೆ ಫೋನನ್ನೇ ಆಕ್ಸ್ ಕೇಬಲ್‌ನಿಂದ ಹಳೆಯ ಸ್ಟೀರಿಯೊಗೆ ಜೋಡಿಸಿದರೆ ಸಾಲದೇ? ಒಬ್ಬರೇ ಓಡಾಡುವವರಿಗೆ ಧಾರಾಳವಾಗಿ ಸಾಕು. ನೂರಿನ್ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಾರು ಸುರಿಯಬೇಡಿ ಎಂದೇ ನಾನು ಹೇಳುವುದು. ನಮ್ಮ ಮನೆಯ ಕಷ್ಟ ಬೇರೆ. ಫೋನು ನನ್ನದು, ಅದಕ್ಕೊಂದು ಲಾಕು, ಸಣ್ಣ ಅಕ್ಷರ, ನಡುವೆ ಪ್ಲಾಂಟಿನಿಂದ ಬರುವ ಕರೆ. ಪ್ರತಿ ಸಲ ಹಚ್ಚಿಕೊಡಲು ನನ್ನ ಕೈಯೇ ಬೇಕು, ನನ್ನ ಕೈ ಇರಬೇಕಾದದ್ದು ಸ್ಟೀರಿಂಗ್ ಮೇಲೆ. ಪಕ್ಕದ ಸೀಟಿನಲ್ಲಿ ಕೂತವಳು ತಾನೇ ಒತ್ತಿ ತಾನೇ ಕೇಳುವಂತಾಗಬೇಕಿತ್ತು.

ಅಂಗಡಿಗೆ ಹೋದರೆ ಎರಡು ಜಾತಿಯ ಸ್ಕ್ರೀನ್ ತೋರಿಸುತ್ತಾರೆ. ಒಂದು, ಫೋನಿನ ಬೆನ್ನು ಹತ್ತಿ ನಡೆಯುವಂಥದ್ದು. ಆಂಡ್ರಾಯ್ಡ್ ಆಟೊ, ಆ್ಯಪಲ್ ಕಾರ್‌ಪ್ಲೇ ಇರುವ ಸೋನಿ, ಪಯೋನಿಯರ್‌ನಂಥ ಸೆಟ್‌ಗಳು. ಧ್ವನಿ ಚೆನ್ನ, ಬಾಳಿಕೆ ಚೆನ್ನ, ಬೆಲೆ ಎರಡರಷ್ಟು ಮೂರರಷ್ಟು. ಆದರೆ ಫೋನಿನಲ್ಲಿರುವ ಎಲ್ಲ ಆ್ಯಪ್ ಅದರ ಪರದೆಗೆ ಬರುವುದಿಲ್ಲ, ಅದಕ್ಕೆಂದೇ ತಯಾರಾದವು ಮಾತ್ರ ಬರುತ್ತವೆ. ಇನ್ನೊಂದು, ತಾನೇ ಒಂದು ಆಂಡ್ರಾಯ್ಡ್ ಟ್ಯಾಬ್ ಆಗಿರುವಂಥದ್ದು. ಬೇಕಾದ ಆ್ಯಪ್ ಅದರೊಳಗೇ ಹಾಕಿ, ಫೋನಿನ ಹಾಟ್‌ಸ್ಪಾಟ್ ಕೊಟ್ಟರೆ ಆಯಿತು. ಅವ್ವನ ಸಲುವಾಗಿ ನಾನು ಆರಿಸಿದ್ದು ಎರಡನೆಯದು. ಈ ಅಗ್ಗದ ಸೆಟ್‌ಗಳು ಸುಳ್ಳು ಹೇಳುವುದರಲ್ಲಿ ನಿಸ್ಸೀಮ. ಸೆಟ್ಟಿಂಗ್ಸ್‌ನಲ್ಲಿ ಹೊಸ ಆಂಡ್ರಾಯ್ಡ್ ಎಂದಿರುತ್ತದೆ, ಒಳಗಿರುವುದು ನಾಲ್ಕೈದು ವರ್ಷ ಹಳೆಯದು. ಪೆಟ್ಟಿಗೆಯ ಮೇಲಿನ 4 ಜಿಬಿ ರ‍್ಯಾಮ್ ಒಳಗೆ 2 ಆಗಿರುತ್ತದೆ. ಸಿಪಿಯು-ಝಡ್‌ನಂಥ ಆ್ಯಪ್ ಹಾಕಿ ಅಂಗಡಿಯಲ್ಲೇ ನೋಡಿಕೊಳ್ಳಿ. ಕಾರಿನಲ್ಲಿ ಕೂರಿಸಿದ ಮೇಲೆ ವಾದಿಸಿ ಪ್ರಯೋಜನವಿಲ್ಲ.

‘ತೊಮ್ಮಿದಿ ಇಂಚುಲದಿ ಪೆಟ್ಟಿಂಚಂಡಿ ಸರ್, ಲುಕ್ ಬಾವುಂಟುಂದಿ’ ಎಂದ ಗಾಜುವಾಕದ ಅಂಗಡಿಯ ಹುಡುಗ. ಒಂಬತ್ತು ಇಂಚಿನದು ಹಾಕಿಸಿದರೆ ಲುಕ್ಕೇನೋ ಬರುತ್ತದೆ. ಆದರೆ ಹಳೆಯ ಸಣ್ಣ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅದರ ಫ್ರೇಮ್ ಉಬ್ಬಿಕೊಂಡು ನಿಲ್ಲುತ್ತದೆ, ಸಂಜೆ ಬಿಸಿಲು ಪರದೆಗೆ ಬಡಿದು ಕಣ್ಣಿಗೆ ಹೊಡೆಯುತ್ತದೆ. ಡಬಲ್ ಡಿನ್ ಎನ್ನುವ ಅಳತೆ 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರ. ಅದರಲ್ಲಿ ಏಳು ಇಂಚಿನ ಪರದೆ ಕೂರುತ್ತದೆ. ನಾನು ಅದನ್ನೇ, ಅದೂ ಧ್ವನಿಗೆ ತಿರುಗಿಸುವ ಗುಂಡಿ ಇರುವುದನ್ನೇ ಕೇಳಿದೆ. ಎನ್‌ಎಡಿ ಜಂಕ್ಷನ್ನಿನ ಗದ್ದಲದಲ್ಲಿ ಪರದೆ ಸವರಿ ಧ್ವನಿ ತಗ್ಗಿಸುವುದು ಓಡಿಸುವವನ ಕೆಲಸವಲ್ಲ. ಫ್ರೇಮ್, ಕಪ್ಲರ್, ರಿವರ್ಸ್ ಕ್ಯಾಮೆರಾ, ಕೂಲಿ ಎಲ್ಲ ಸೇರಿ 9,200 ರೂಪಾಯಿ ಬಿತ್ತು.

ಹಣಕ್ಕಿಂತ ಹೆಚ್ಚು ಚೌಕಾಸಿ ಮಾಡಬೇಕಾದದ್ದು ವೈರಿನ ವಿಷಯದಲ್ಲಿ. ಕಾರಿನ ಮೂಲ ವೈರು ಕತ್ತರಿಸಕೂಡದು. ಆ ಮಾಡೆಲ್ಲಿಗೆ ಹೊಂದುವ ಕಪ್ಲರ್ ಸಿಗುತ್ತದೆ, ಚುಚ್ಚಿದರೆ ಆಯಿತು. ಹೊಸ ಸೆಟ್ಟಿನ ಕಡೆ ಹಳದಿ ವೈರು ಬ್ಯಾಟರಿಯಿಂದ ಸದಾ ಬರುವ ಕರೆಂಟು, ಕೆಂಪು ಕೀಲಿ ತಿರುಗಿಸಿದಾಗ ಮಾತ್ರ ಬರುವುದು, ಕಪ್ಪು ಅರ್ಥ್. ವಿಜಯವಾಡದಲ್ಲಿರುವ ನಮ್ಮ ಕಡೆಯ ಗೆಳೆಯರೊಬ್ಬರಿಗೆ ಅಲ್ಲಿನ ಅಂಗಡಿಯವನು ಕಪ್ಲರ್ ಇಲ್ಲವೆಂದು ವೈರು ಕತ್ತರಿಸಿ, ಹಳದಿ ಕೆಂಪು ಎರಡನ್ನೂ ಒಟ್ಟಿಗೆ ಹೆಣೆದು ಟೇಪು ಸುತ್ತಿ ಕಳಿಸಿದ್ದ. ಕೀಲಿ ತೆಗೆದರೂ ಸ್ಕ್ರೀನ್ ಒಳಗೊಳಗೇ ಎಚ್ಚರ. ದಸರೆಗೆ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದವರು ಮರಳುವಷ್ಟರಲ್ಲಿ ಬ್ಯಾಟರಿ ಸತ್ತಿತ್ತು. ಅದನ್ನು ಸರಿಪಡಿಸಿದ್ದು ಅಲ್ಲಿನ ಆಟೊನಗರದ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್, ಹತ್ತೇ ನಿಮಿಷದಲ್ಲಿ.

ಸರಿಯಾಗಿ ಜೋಡಿಸಿದರೂ ಈ ಆಂಡ್ರಾಯ್ಡ್ ಸೆಟ್‌ಗಳು ನಿದ್ದೆಯಲ್ಲಿ ಅಷ್ಟಿಷ್ಟು ಕರೆಂಟು ಕುಡಿಯುತ್ತವೆ. 20 ಮಿಲಿ ಆಂಪಿಯರ್ ಎಂದುಕೊಂಡರೂ ದಿನಕ್ಕೆ ಅರ್ಧ ಆಂಪಿಯರ್-ಅವರ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 25 ದಿನಕ್ಕೆ ಮೂರನೆಯ ಒಂದು ಪಾಲು ಖಾಲಿ. ಊರಿಗೆ ಹೋಗಿ ಹದಿನೈದಿಪ್ಪತ್ತು ದಿನ ಇದ್ದು ಬರುವ ನಮ್ಮಂಥವರು 10 ಎಂಎಂ ಸ್ಪ್ಯಾನರ್ ಒಂದನ್ನು ಕಾರಿನಲ್ಲಿಟ್ಟುಕೊಂಡು, ಹೊರಡುವ ಮುಂಚೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡುವುದು ಒಳ್ಳೆಯದು. ಹೊಸ ಸೆಟ್ಟಿನಲ್ಲಿ ಎಫ್‌ಎಂ ಮೊದಲಿಗಿಂತ ಮಂಕಾಯಿತು ಎಂದು ಹಲವರು ದೂರುತ್ತಾರೆ. ಕೆಲವು ಕಾರುಗಳ ಆಂಟೆನಾದೊಳಗೆ ಪುಟ್ಟ ಆ್ಯಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಕರೆಂಟು ಕೊಡುವ ನೀಲಿ ವೈರನ್ನು ಜೋಡಿಸದೆ ಬಿಟ್ಟಿದ್ದಾರೆಯೇ ಎಂದು ಮೊದಲು ನೋಡಿಸಿ.

ಕಾರು ಇಲ್ಲಿ ಎಷ್ಟು ಕಾಲ ಇರುತ್ತದೆ ಎಂಬ ಲೆಕ್ಕವನ್ನೂ ಹಾಕಿಕೊಂಡೇ ಖರ್ಚಿಗಿಳಿಯಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಹನ ಇಟ್ಟರೆ ಅಲ್ಲಿನ ನೋಂದಣಿ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ನನ್ನ ಹಾವೇರಿ ಎನ್‌ಒಸಿಯ ಓಡಾಟ ನಡೆದಿದೆ. ಅದಲ್ಲದೆ 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣ ಐದೈದು ವರ್ಷಕ್ಕೆ. ಎರಡು ಮೂರು ವರ್ಷದಲ್ಲಿ ಮಾರುವ ಕಾರಿಗೆ 25 ಸಾವಿರದ ಸೆಟ್ ಹಾಕಿಸಿದರೆ ಮಾರುವಾಗ ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ವೈರು ಕತ್ತರಿಸದಿದ್ದರೆ ಹಳೆಯದನ್ನು ಮತ್ತೆ ಕೂರಿಸಿ ಸ್ಕ್ರೀನನ್ನು ಇನ್ನೊಂದು ಕಾರಿಗೆ ಒಯ್ಯಬಹುದು.

ಈಗ ಪರದೆಯ ಮೊದಲ ಪುಟದಲ್ಲಿ ಎರಡೇ ದೊಡ್ಡ ಚಿತ್ರ ಇಟ್ಟಿದ್ದೇನೆ: ಮ್ಯಾಪು, ಆಕಾಶವಾಣಿ. ಯೂಟ್ಯೂಬ್ ತೆಗೆದುಹಾಕಿದೆ, ಓಡಿಸುವವನ ಎದುರು ವಿಡಿಯೊ ಇರಕೂಡದು. ‘ಇದೇನಪಾ, ಕಾರಿನ್ಯಾಗ ಟೀವಿ ಇಟ್ಟಿ?’ ಎಂದು ಮೊದಲ ದಿನ ಮುಖ ಗಂಟಿಕ್ಕಿದ ಅವ್ವ, ಮೂರನೆಯ ಸಲಕ್ಕೆ ಗೋಪಾಲಪಟ್ಟಣ ಬರುವ ಮೊದಲೇ ಒತ್ತಿ ಧಾರವಾಡ ಹಿಡಿದಳು. ಹಾವೇರಿ ಸಂತೆಯ ದರ ಗೊತ್ತಿಲ್ಲದಿದ್ದರೂ ಧಾರವಾಡದ ಹವಾಮಾನ ನನಗೀಗ ಬಾಯಿಪಾಠ. ಅರಕು ಘಾಟಿಯಲ್ಲಿ ಸಿಗ್ನಲ್ ಸತ್ತಾಗ ಸಿ. ಅಶ್ವತ್ಥರ ಭಾವಗೀತೆ ತುಂಬಿದ ಹಳೆಯ ಪೆನ್‌ಡ್ರೈವೇ ಗತಿ, ಅದನ್ನು ಎಸೆಯಬೇಡಿ.

ಕಳೆದುಕೊಂಡದ್ದೂ ಇದೆ. ಕಾರಿನಲ್ಲಿ ಊರಿಗೆ ಹೋಗುವಾಗ ಗುಂಟೂರು, ಕರ್ನೂಲು, ಆದೋನಿ ದಾಟಿ ಆಲೂರಿನ ಆಸುಪಾಸಿನಲ್ಲಿ ರೇಡಿಯೊದ ಸೀಕ್ ಗುಂಡಿ ಒತ್ತುತ್ತಿದ್ದರೆ, ಬಳ್ಳಾರಿಯ ಮೈಲಿಗಲ್ಲಿಗಿಂತ ಮೊದಲು ಕನ್ನಡ ಕಿವಿಗೆ ಬೀಳುತ್ತಿತ್ತು. ಆ್ಯಪ್‌ನಲ್ಲಿ ಧಾರವಾಡ ಪೆಂಡುರ್ತಿಯಲ್ಲೂ ಅದೇ, ಆಲೂರಿನಲ್ಲೂ ಅದೇ. ಹೊಸ ಸೆಟ್ಟಿನಲ್ಲಿ ಎಎಂ ಇಲ್ಲ. ಹಳೆಯ ರೇಡಿಯೊವನ್ನು ಅದರ ಸ್ಕ್ರೂಗಳ ಸಮೇತ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ.