ಒಂದೇ ಸೂಜಿ, ಎರಡು ಮೈ

ದೀಪಾವಳಿಯ ದಿನ ಕೆಂಗೇರಿ ಉಪನಗರದ ದೊಡ್ಡಪ್ಪನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಹೊರಗೆ ಜಿಟಿಜಿಟಿ ಮಳೆ. ಮಕ್ಕಳಿಗೆಲ್ಲ ಸ್ವೆಟರ್ ಹಾಕಿಸಿದ್ದರು. ದೊಡ್ಡಮ್ಮ ಕಜ್ಜಾಯ ಬಡಿಸುತ್ತ ನನ್ನ ಎಲೆಯ ಹತ್ತಿರ ಬರುವಷ್ಟರಲ್ಲಿ ಎದೆಯಲ್ಲಿ ಹೊತ್ತಿಕೊಂಡ ಝಳ ಕುತ್ತಿಗೆಗೆ ಏರಿ, ಕಿವಿ ಕೆನ್ನೆಗಳನ್ನೆಲ್ಲ ಸುಟ್ಟು, ತಲೆಗೂದಲ ಬುಡದಲ್ಲಿ ಬೆವರಾಗಿ ಒಡೆಯಿತು. ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ತಲೆಯೆತ್ತಿದೆ. ಎದುರು ಸಾಲಿನಲ್ಲಿ ದೊಡ್ಡಪ್ಪನೂ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅವರ ಬನೀನು ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಊಟವಾದ ಮೇಲೆ ಮಹಡಿಯ ಮೆಟ್ಟಿಲ ಮೇಲೆ ಕೂತು ಅವರು ತಮ್ಮ ಫೈಲು ಬಿಚ್ಚಿದರು. ನಾನು ಫೋನಿನಲ್ಲಿದ್ದ ನನ್ನ ಚೀಟಿ ತೋರಿಸಿದೆ. ಎರಡರಲ್ಲೂ ಬರೆದಿದ್ದ ಔಷಧ ಒಂದೇ: ಲ್ಯೂಪ್ರೊಲೈಡ್. ಅವರದು ಮೂರು ತಿಂಗಳಿಗೊಮ್ಮೆ 22.5 ಮಿಲಿಗ್ರಾಂ. ನನ್ನದು ತಿಂಗಳಿಗೊಮ್ಮೆ 3.75. ಅವರಿಗೆ 71 ವರ್ಷ, ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್. ನನಗೆ 36, ಗರ್ಭಕೋಶದ ಒಳಪದರದಂಥದು ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್. ಸ್ಕ್ಯಾನಿಂಗ್ ಮಾಡಿದವರು 'ಚಾಕೊಲೇಟ್ ಸಿಸ್ಟ್' ಎಂದು ಕರೆದ ಗಂಟು ನನ್ನ ಎಡ ಅಂಡಾಶಯದಲ್ಲಿತ್ತು. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ಮೂವತ್ತು ವರ್ಷ ಲೇತ್ ತಿರುಗಿಸಿದ ಗಂಡಸಿಗೂ ಬಸವೇಶ್ವರನಗರದಲ್ಲಿ ಮನೆ, ಕೆಲಸ, ಹೊಟ್ಟೆನೋವು ಮೂರನ್ನೂ ಹೊತ್ತು ಓಡಾಡುತ್ತಿದ್ದ ಹೆಂಗಸಿಗೂ ಒಂದೇ ಸೂಜಿ ಹೇಗೆ ಎಂದು ಅವರು ಕೇಳಿದರು. ಆ ಹೊತ್ತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಐದು ಸೂಜಿ ಹಾಕಿಸಿಕೊಂಡಿದ್ದೆ, ಅದು ಒಳಗೆ ಏನು ಮಾಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಒಂದೊಂದೂವರೆ ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಎಂಬ ಸಂದೇಶವನ್ನು ತುಸುವೇ ಹೊರಬಿಡುತ್ತದೆ. ಅದನ್ನು ಕೇಳಿಸಿಕೊಂಡ ಪಿಟ್ಯುಟರಿ ಗ್ರಂಥಿ ಹೆಣ್ಣಿನ ಅಂಡಾಶಯಕ್ಕೆ, ಗಂಡಿನ ವೃಷಣಕ್ಕೆ ಕೆಲಸ ಹಚ್ಚುತ್ತದೆ. ಅಲ್ಲಿ ಈಸ್ಟ್ರೊಜೆನ್, ಇಲ್ಲಿ ಟೆಸ್ಟೊಸ್ಟೆರಾನ್. ಮೇಲಿನ ಅಧಿಕಾರಿ ಇಬ್ಬರಿಗೂ ಒಬ್ಬನೇ. ಬರೀ ಹತ್ತು ಅಮೈನೊ ಆಮ್ಲಗಳ ಈ ಸಂದೇಶದ ರಚನೆಯನ್ನು 1971ರಲ್ಲಿ ಆಂಡ್ರ್ಯೂ ಶಾಲಿಯ ತಂಡ ಹಂದಿಗಳ ಮಿದುಳಿನಿಂದ, ರೋಜರ್ ಗಿಯೆಮಿನ್ ತಂಡ ಕುರಿಗಳ ಮಿದುಳಿನಿಂದ ಬಿಡಿಸಿಟ್ಟವು. ಇಬ್ಬರಿಗೂ 1977ರ ನೊಬೆಲ್ ಬಂತು. ಮರುವರ್ಷ ಅರ್ನ್ಸ್ಟ್ ನೋಬಿಲ್ ಮತ್ತು ಜೊತೆಗಾರರು ಕೋತಿಗಳಲ್ಲಿ ಒಂದು ವಿಚಿತ್ರ ಕಂಡರು. ಸಂದೇಶ ಬಿಟ್ಟುಬಿಟ್ಟು ಬಂದರೆ ಪಿಟ್ಯುಟರಿ ಕೆಲಸ ಮಾಡುತ್ತದೆ, ಬಿಡದೆ ಒಂದೇ ಸಮನೆ ಬಂದರೆ ಸುಮ್ಮನಾಗಿಬಿಡುತ್ತದೆ. ದಿನವಿಡೀ ಅತ್ತೆ ಕೂಗುತ್ತಲೇ ಇದ್ದರೆ ಸೊಸೆ ಓಗೊಡುವುದನ್ನೇ ಬಿಡುತ್ತಾಳಲ್ಲ, ಹಾಗೆ.

ನಮ್ಮ ಸೂಜಿ ಮಾಡುವುದು ಇದನ್ನೇ. ಆ ಸಂದೇಶದ ನಕಲನ್ನು, ಮೂಲಕ್ಕಿಂತ ಗಟ್ಟಿಯಾದ ನಕಲನ್ನು, ಸಣ್ಣ ಗುಳಿಗೆಕಾಳುಗಳಲ್ಲಿ ತುಂಬಿ ಮಾಂಸಖಂಡಕ್ಕೆ ಇಳಿಸುತ್ತಾರೆ. ಕಾಳುಗಳು ಕರಗುವ ಹೊಲಿಗೆ ದಾರದಂಥದೇ ಪದಾರ್ಥದಿಂದ ಆದವು. ತಿಂಗಳೋ ಮೂರು ತಿಂಗಳೋ ಒಳಗೇ ಕರಗುತ್ತ ಔಷಧವನ್ನು ಬಿಡುತ್ತಲೇ ಇರುತ್ತವೆ. ಅದಕ್ಕೇ ಇದನ್ನು ಡಿಪೋ ಇಂಜೆಕ್ಷನ್ ಎನ್ನುವುದು. ಗೊಸೆರೆಲಿನ್ ಎಂಬ ಇದರ ತಂಗಿ ಅಕ್ಕಿಕಾಳಿನಂಥ ಒಂದು ಕಡ್ಡಿ. ಅದನ್ನು ಹೊಟ್ಟೆಯ ಚರ್ಮದಡಿ ದಪ್ಪ ಸೂಜಿಯಿಂದ ಕೂರಿಸುತ್ತಾರೆ. ಇದೇ ಜಾತಿಯ ಸೂಜಿ ಸ್ತನ ಕ್ಯಾನ್ಸರಿನ ಎಳೆಯ ಹೆಂಗಸರಿಗೂ, ಎಂಟು ತುಂಬುವ ಮೊದಲೇ ಮೈನೆರೆಯುವ ಲಕ್ಷಣ ತೋರುವ ಪುಟ್ಟ ಹುಡುಗಿಯರಿಗೂ, ಮಗುವಿಗಾಗಿ ಐವಿಎಫ್ ಮಾಡಿಸಿಕೊಳ್ಳುವವರಿಗೂ ಹೋಗುತ್ತದೆ.

ಹಾರ್ಮೋನು ಇಂಗಿದರೆ ಅದನ್ನೇ ಉಂಡು ಬೆಳೆಯುವ ರೋಗ ಸೊರಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಟೆಸ್ಟೊಸ್ಟೆರಾನ್ ಆಹಾರ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು, 1966ರಲ್ಲಿ ನೊಬೆಲ್ ಪಡೆದರು. ಅವರ ಕಾಲದ ದಾರಿ ವೃಷಣಗಳನ್ನು ತೆಗೆದುಹಾಕುವುದು. ಈ ಆಪರೇಷನ್ ಇಂದಿಗೂ ಇದೆ. ಒಂದೇ ಸಲದ ಖರ್ಚು, ಪರಿಣಾಮದಲ್ಲಿ ಸೂಜಿಗೆ ಸಮ. ಎರಡನ್ನೂ ಮುಂದಿಟ್ಟು ಕೇಳಿದಾಗ ದೊಡ್ಡಪ್ಪ ಸೂಜಿಯನ್ನು ಆರಿಸಿಕೊಂಡರು. "ಸೂಜಿ ಆದ್ರೆ ಯಾರಿಗೂ ಗೊತ್ತಾಗಲ್ಲ ಕಣಮ್ಮ" ಎಂದರು. ಆ ಮಾತಿನ ಭಾರ ನನಗೆ ಮೆಟ್ಟಿಲ ಮೇಲೆ ಕೂತಾಗ ಪೂರ್ತಿ ತಿಳಿಯಲಿಲ್ಲ.

ನನ್ನ ಕಥೆ ಹೀಗೆ. ಮುಟ್ಟಿನ ನೋವಿಗೆ ಎಂಟು ವರ್ಷ ಮಾತ್ರೆ ನುಂಗಿ, ಕೊನೆಗೆ ನಮ್ಮ ಕಡೆಯದೇ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಪರೊಸ್ಕೊಪಿ ಮಾಡಿಸಿಕೊಂಡೆ. ಗಂಟು ತೆಗೆದ ಮೇಲೆ, ಉಳಿದದ್ದು ಒಣಗಲಿ ಎಂದು ಆರು ಸೂಜಿ ಬರೆದರು. ಏನಾದರೂ ತೊಂದರೆ ಆಗುತ್ತಾ ಎಂದು ಕೇಳಿದೆ. ಮುಟ್ಟು ನಿಲ್ಲುತ್ತಮ್ಮ ಅಷ್ಟೇ, ಆರಾಮಾಗಿರಿ ಎಂದರು. ಮುಂದಿನವರ ಟೋಕನ್ ಕೂಗಿಯಾಗಿತ್ತು.

ಮೊದಲ ಎರಡು ವಾರ ನೋವು ಕಡಿಮೆಯಾಗುವ ಬದಲು ಹೆಚ್ಚಾಯಿತು. ಔಷಧ ಸುಮ್ಮನಾಗಿಸುವ ಮೊದಲು ಒಮ್ಮೆ ಎಬ್ಬಿಸುತ್ತದೆ, ಹಾರ್ಮೋನು ಕೆಲ ದಿನ ಉಕ್ಕುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಆಪರೇಷನ್ನೇ ಕೆಟ್ಟಿತು ಎಂದುಕೊಂಡು ಅತ್ತೆ. ಆಮೇಲೆ ನೋವು ನಿಜಕ್ಕೂ ಹೋಯಿತು. ಎಂಟು ವರ್ಷಗಳಲ್ಲಿ ಮೊದಲ ಬಾರಿ ತಿಂಗಳ ಆ ಮೂರು ದಿನಗಳನ್ನು ನಾನು ನೆಟ್ಟಗೆ ನಿಂತು ಕಳೆದೆ. ಆ ಋಣವನ್ನು ಮರೆತು ಬರೆಯಲಾರೆ. ಆದರೆ ಅದರ ಹಿಂದೆಯೇ ಝಳ ಬಂತು. ದಿನಕ್ಕೆ ಹತ್ತು ಹನ್ನೆರಡು ಬಾರಿ. ರಾತ್ರಿ ಎರಡಕ್ಕೆ ಎಚ್ಚರ, ಒದ್ದೆ ದಿಂಬು, ಮತ್ತೆ ಚಳಿ. ಮೂರನೇ ತಿಂಗಳಿಗೆ ಬೆಳಗ್ಗೆ ಹಾಸಿಗೆಯಿಂದೇಳುವಾಗ ಬೆರಳ ಗೆಣ್ಣುಗಳು ಮಡಿಸಲು ಬರುತ್ತಿರಲಿಲ್ಲ. ಮಾತಾಡುತ್ತಿದ್ದಂತೆ ಪದ ಜಾರಿಹೋಗುತ್ತಿತ್ತು. ವಿಜಯನಗರದ ಮಾರುತಿ ಮಂದಿರದ ಹತ್ತಿರ ಸೊಪ್ಪಿನವಳ ಮುಂದೆ ನಿಂತು 'ಸಬ್ಬಸಿಗೆ' ಎಂಬ ಶಬ್ದಕ್ಕಾಗಿ ತಡಕಾಡಿ, ಬೆರಳು ತೋರಿಸಿ ತೆಗೆದುಕೊಂಡು, ಆಟೋದಲ್ಲಿ ಬಿಕ್ಕಿಬಿಕ್ಕಿ ಅಳುತ್ತ ಮನೆಗೆ ಬಂದೆ. ಅಳುವಿಗೆ ಕಾರಣ ಸೊಪ್ಪಲ್ಲ. ನನಗೆ ತಲೆ ಕೆಡುತ್ತಿದೆ ಎಂದು ನಾನು ನಿಜವಾಗಿ ನಂಬಿದ್ದೆ.

ಮನೆಯವರು 'ಉಷ್ಣ ಆಗಿದೆ' ಎಂದರು. ನಮ್ಮಲ್ಲಿ ಮೈಯ ಅರ್ಧ ತೊಂದರೆಗಳಿಗೆ ಇದೇ ಹೆಸರು. ಎಳನೀರು, ಕಾಮಕಸ್ತೂರಿ ಬೀಜ ನೆನೆಸಿದ ನೀರು, ಮೆಂತ್ಯದ ಮಜ್ಜಿಗೆ ಎಲ್ಲ ಆಯಿತು. ಕುಡಿದಾಗ ಹಿತವೆನಿಸುತ್ತಿತ್ತು, ಝಳ ಮಾತ್ರ ತನ್ನ ಹೊತ್ತಿಗೆ ಬರುತ್ತಲೇ ಇತ್ತು. ಹೊಟ್ಟೆಯ ಉಷ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಈಸ್ಟ್ರೊಜೆನ್ ಕುಸಿದಾಗ ಮಿದುಳು ಮೈಯ ಶಾಖವನ್ನು ಅಳೆಯುವ ಲೆಕ್ಕವೇ ತಪ್ಪುತ್ತದೆ. ಐವತ್ತರ ಸುಮಾರಿಗೆ ಹಲವು ವರ್ಷ ತೆಗೆದುಕೊಂಡು ಬರುವ ಮುಟ್ಟುಬಂದ್ ಮೂವತ್ತಾರನೇ ವಯಸ್ಸಿಗೆ ಮೂರು ವಾರದಲ್ಲಿ ಬಂದಿತ್ತು.

ಎಲ್ಲಕ್ಕಿಂತ ಕಣ್ಣಿಗೆ ಕಾಣದ ನಷ್ಟ ಮೂಳೆಯದು. ಆರು ತಿಂಗಳ ಸೂಜಿಯಲ್ಲಿ ಬೆನ್ನುಮೂಳೆಯ ಸಾಂದ್ರತೆ ಶೇ 3ರಷ್ಟು ಇಳಿಯಬಹುದು. ನಿಲ್ಲಿಸಿದ ಮೇಲೆ ಬಹುಪಾಲು ತಿರುಗಿ ಬರುತ್ತದೆ, ಎಲ್ಲರಿಗೂ ಪೂರ್ತಿ ಬರುವುದಿಲ್ಲ. ಎಂಡೊಮೆಟ್ರಿಯೋಸಿಸ್‌ಗೆ ಬರೀ ಸೂಜಿಯನ್ನು ಆರು ತಿಂಗಳಿಗಿಂತ ಹೆಚ್ಚು ಕೊಡಬಾರದು ಎಂಬ ಮಿತಿ ಇದಕ್ಕಾಗಿಯೇ ಇದೆ. ಇದಕ್ಕೊಂದು ಪರಿಹಾರವೂ ಇದೆ ಎಂದು ತಿಳಿದ ದಿನ ನನಗೆ ಸಿಟ್ಟು ಬಂತು. 1992ರಲ್ಲಿ ರಾಬರ್ಟ್ ಬಾರ್ಬಿಯೇರಿ ಎಂಬ ವೈದ್ಯರು ಒಂದು ವಿಚಾರ ಮಂಡಿಸಿದರು. ರೋಗಕ್ಕೆ ಬೇಕಾಗುವ ಈಸ್ಟ್ರೊಜೆನ್ ಹೆಚ್ಚು, ಮೂಳೆಗೆ ಬೇಕಾಗುವುದು ಕಡಿಮೆ. ನಡುವೆ ಒಂದು ಸಂದಿಯಿದೆ, ಅಷ್ಟನ್ನೇ ಮರಳಿ ಕೊಟ್ಟರೆ ರೋಗ ಏಳದೆ ಮೂಳೆ ಉಳಿಯುತ್ತದೆ. ಇಂದು ಸೂಜಿಯ ಜೊತೆಗೇ ಕೊಡುವ 'ಆ್ಯಡ್ ಬ್ಯಾಕ್' ಮಾತ್ರೆ, ಸಾಮಾನ್ಯವಾಗಿ ನಾರೆಥಿಸ್ಟೆರೋನ್ ಅಸಿಟೇಟ್, ಇದೇ ಲೆಕ್ಕದ್ದು. ಝಳವನ್ನೂ ತಗ್ಗಿಸುತ್ತದೆ. ಐದನೇ ಸೂಜಿಯ ಹೊತ್ತಿಗೆ ಬೇರೊಬ್ಬ ವೈದ್ಯೆಯ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ ಅದೇ: ಆ್ಯಡ್ ಬ್ಯಾಕ್ ಯಾಕೆ ತೊಗೊಂಡಿಲ್ಲ? ಹೆಸರು ಕೇಳಿದ್ದೇ ಆಗ.

ದೊಡ್ಡಪ್ಪನ ಕಡೆಗೆ ಬರುತ್ತೇನೆ. ಅವರ ವಿಷಯದಲ್ಲಿ ವೈದ್ಯರು ಒಂದು ಎಚ್ಚರವನ್ನು ತಪ್ಪದೆ ವಹಿಸಿದ್ದರು. ಮೊದಲ ಸೂಜಿಯ ಮುಂಚಿನಿಂದಲೇ, ಟೆಸ್ಟೊಸ್ಟೆರಾನಿನ ಪ್ರಭಾವ ತಡೆಯುವ ಬೈಕಾಲುಟಮೈಡ್ ಮಾತ್ರೆ ಶುರು ಮಾಡಿಸಿದ್ದರು. ಮೊದಲ ಕೆಲ ದಿನ ಟೆಸ್ಟೊಸ್ಟೆರಾನ್ ಉಕ್ಕುವಾಗ ಮೂಳೆಯಲ್ಲಿರುವ ಗಡ್ಡೆಯೂ ಉಬ್ಬಬಹುದು, ಬೆನ್ನುಹುರಿಯನ್ನು ಒತ್ತಬಹುದು. ಆ ದಿನಗಳಲ್ಲಿ ಕಾಲು ಸೋತರೆ, ಬೆನ್ನುನೋವು ಏಕಾಏಕಿ ಏರಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು. ಈ ಉಕ್ಕು ಇಲ್ಲದ ಡೆಗಾರೆಲಿಕ್ಸ್ ಎಂಬ ಸೂಜಿ 2008ರಲ್ಲಿ ಬಂದಿದೆ. ಅದು ಸಂದೇಶವನ್ನು ನೇರವಾಗಿ ತಡೆಯುತ್ತದೆ, ಆದರೆ ಪ್ರತಿ ತಿಂಗಳೂ ಬೇಕು, ಚುಚ್ಚಿದ ಜಾಗ ಊದಿ ನೋಯುವುದು ಸಾಮಾನ್ಯ.

ಈ ಸೂಜಿ ಹಾಕಿಸಿಕೊಳ್ಳುವ ಗಂಡಸರಲ್ಲಿ ಬಹುತೇಕರಿಗೆ ಝಳ ಬರುತ್ತದೆ. ಆದರೆ ಗಂಡಸಿಗೆ ಹಾಗೆ ಆಗುತ್ತದೆಂಬುದೇ ನಮ್ಮ ಮನೆಗಳಿಗೆ ಗೊತ್ತಿಲ್ಲ. ದೊಡ್ಡಪ್ಪ ರಾತ್ರಿ ಬೆವರಿ ಹಾಸಿಗೆ ಒದ್ದೆ ಮಾಡುತ್ತಿದ್ದರು. ನಾಚಿಕೆಯಾಗಿ ಹಾಲಿನ ದಿವಾನದ ಮೇಲೆ ಮಲಗತೊಡಗಿದರು. ಯಾಕೆಂದು ದೊಡ್ಡಮ್ಮನಿಗೆ ಹೇಳಲಿಲ್ಲ. ನಲವತ್ತಾರು ವರ್ಷ ಜೊತೆಗೆ ಮಲಗಿದ ಗಂಡ ಮಾತಿಲ್ಲದೆ ಆಚೆ ಹೋದರೆ ಆ ಹೆಂಗಸು ಏನೆಂದುಕೊಂಡಾಳು? ತನ್ನಿಂದ ಏನೋ ತಪ್ಪಾಯಿತು ಎಂದುಕೊಂಡು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡರು. ಆಸೆ ಆರಿತ್ತು, ಎದೆ ಹೆಂಗಸರಂತೆ ತುಂಬಿಕೊಂಡಿತ್ತು, ತೋಳಿನ ಕಸುವು ಇಳಿದು ಸಿಲಿಂಡರ್ ಎತ್ತಲಾಗುತ್ತಿರಲಿಲ್ಲ. ತಾನು ಗಂಡಸಾಗಿ ಉಳಿದಿಲ್ಲ ಎಂದು ಅವರೊಳಗೇ ಒಂದು ತೀರ್ಪು ಆಗಿಹೋಗಿತ್ತು. ಯಾರಿಗೂ ಗೊತ್ತಾಗಬಾರದು ಎಂದು ಆರಿಸಿಕೊಂಡ ಸೂಜಿ ಅವರನ್ನು ಯಾರಿಗೂ ಹೇಳಲಾರದ ಜಾಗದಲ್ಲಿ ಕೂರಿಸಿತ್ತು. ನನಗೆ ಹೇಳಿದ್ದಾದರೂ ನನಗೂ ಅದೇ ಝಳ ಬರುತ್ತಿತ್ತೆಂಬ ಒಂದೇ ಕಾರಣಕ್ಕೆ.

ಮರುದಿನ ನಾನೇ ದೊಡ್ಡಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಅಷ್ಟೇನಾ? ಮೊದಲೇ ಹೇಳಿದ್ರೆ ಆಗ್ತಿರಲಿಲ್ವಾ?" ಎಂದರು. ಮುಟ್ಟು ನಿಂತ ಕಾಲದಲ್ಲಿ ಅವರಿಗೂ ಬಂದಿದ್ದೇ ಆ ಝಳ. ಅವತ್ತು ರಾತ್ರಿಯೇ ದಿವಾನದ ಹಾಸಿಗೆ ಒಳಗೆ ಹೋಯಿತು.

ಔಷಧ ಬೇಡ ಎನ್ನಲು ನಾನು ಇದನ್ನೆಲ್ಲ ಬರೆಯುತ್ತಿಲ್ಲ. ರಕ್ತದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಏರಿಳಿತ ತೋರಿಸುವ ಪಿಎಸ್‌ಎ, ನೂರರಾಚೆಗಿದ್ದ ದೊಡ್ಡಪ್ಪನದು, ಆರು ತಿಂಗಳಲ್ಲಿ ಒಂದಕ್ಕಿಂತ ಕೆಳಗಿಳಿಯಿತು. ಸೊಂಟದ ನೋವಿಗೆ ನಡೆಯಲಾರದಿದ್ದವರು ಈಗ ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ತಾವೇ ಆಸ್ಪತ್ರೆಗೆ ಹೋಗಿ ಬರುತ್ತಾರೆ. ಕೈಚೀಲದಲ್ಲಿ ಸೂಜಿಮದ್ದಿನ ಡಬ್ಬಿ, ತಣ್ಣಗಿರಲೆಂದು ಮೇಲೊಂದು ಐಸ್ ಪ್ಯಾಕ್. ಬೆಂಗಳೂರಿನ ಗಂಡಸರಲ್ಲಿ ಹೆಚ್ಚು ಕಾಣುವ ಕ್ಯಾನ್ಸರುಗಳ ಸಾಲಿನಲ್ಲಿ ಪ್ರಾಸ್ಟೇಟ್ ಇದೆ. ಹಾಗಿರುವಾಗ ಈ ಸೂಜಿ ಎಷ್ಟು ಮನೆಗಳ ಮಾತು ಎಂದು ಊಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ನಮ್ಮ ಕೇಂದ್ರ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಲ್ಯೂಪ್ರೊಲೈಡನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದವು. ಆ ಪಟ್ಟಿಗೆ ಬಂದ ಔಷಧದ ದರಕ್ಕೆ ಸರ್ಕಾರ ಮಿತಿ ಹಾಕುತ್ತದೆ. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ವಿಷಯವಲ್ಲ.

ನನ್ನ ತಕರಾರು ಮೌನದ ಮೇಲೆ. ಸೂಜಿ ಚುಚ್ಚುವ ಮುಂಚೆ ಹದಿನೈದು ನಿಮಿಷ ಕೂರಿಸಿ ಹೇಳುವುದೂ ಚಿಕಿತ್ಸೆಯ ಭಾಗವೇ. ಅದೂ ರೋಗಿಗೊಬ್ಬರಿಗೇ ಅಲ್ಲ, ಗಂಡನಿಗೆ, ಹೆಂಡತಿಗೆ, ಜೊತೆಯಲ್ಲಿ ಬಂದ ಮಗಳಿಗೆ. ಸೂಜಿಗೆ ಮೊದಲು ಡೆಕ್ಸಾ ಸ್ಕ್ಯಾನ್ ಮಾಡಿಸಿ ಮೂಳೆ ನೋಡಬೇಕೇ ಎಂದು ಕೇಳಬಹುದು. ವಿಟಮಿನ್ ಡಿ ಎಷ್ಟಿದೆ ಎಂದು ನೋಡಿಸಬಹುದು. ಹೃದ್ರೋಗ, ಸಕ್ಕರೆ ಕಾಯಿಲೆ ಇರುವ ಗಂಡಸರು ಅದನ್ನು ಮೊದಲೇ ಹೇಳಲೇಬೇಕು. ಈ ಸೂಜಿಗಳಿಂದ ಇವೆರಡರ ಅಪಾಯ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲೇ ಔಷಧದ ಲೇಬಲ್ಲಿನಲ್ಲಿ ಎಚ್ಚರಿಕೆ ಹಾಕಿಸಿದೆ. ಝಳ ತಡೆಯಲಾಗದಿದ್ದರೆ ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್‌ನಂಥ ಮಾತ್ರೆಗಳಿವೆ, ವೈದ್ಯರು ನೋಡಿ ಕೊಡುತ್ತಾರೆ. ಮನಸ್ಸು ಕುಸಿಯುವುದೂ ಔಷಧದ ಅಡ್ಡಪರಿಣಾಮವೇ, ಅದನ್ನೂ ಕೀಲುನೋವು ಹೇಳಿದಷ್ಟೇ ಸಲೀಸಾಗಿ ಹೇಳಬೇಕು. ನನ್ನಂಥವರಿಗೆ ಸೂಜಿಯೊಂದೇ ದಾರಿಯಲ್ಲ, ಡೈಯೆನೊಜೆಸ್ಟ್ ಎಂಬ ದಿನದ ಮಾತ್ರೆಯೂ ಇದೆ. ಸೂಜಿ ನಿಲ್ಲಿಸಿದ ಮೇಲೆ ಎಂಡೊಮೆಟ್ರಿಯೋಸಿಸ್ ಮತ್ತೆ ಚಿಗುರಬಹುದು ಎಂಬುದನ್ನೂ ಯಾರಾದರೂ ಹೇಳಬೇಕು.

ದೊಡ್ಡಪ್ಪನ ದಿನಚರಿ ಈಗ ಬದಲಾಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ತಿಳಿದ ಮೇಲೆ, ಮಧ್ಯಾಹ್ನದ ಮುದ್ದೆಗೆ ಅವರು ಹೊಸ ಗೌರವ ಕೊಡುತ್ತಾರೆ. ಬೆಳಗಿನ ಬಿಸಿಲಿನಲ್ಲಿ ಮಹಡಿಗೆ ಹೋಗಿ ಎರಡು ಲೀಟರಿನ ನೀರಿನ ಬಾಟಲಿಗಳನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸುತ್ತಾರೆ. ಹೀಗೆ ಭಾರ ಎತ್ತುವ ವ್ಯಾಯಾಮ ಮಾಂಸಖಂಡವನ್ನು ಬಲಪಡಿಸಿ ದಣಿವನ್ನು ತಗ್ಗಿಸುತ್ತದೆ ಎಂದು ಅವರ ವೈದ್ಯರೇ ಹೇಳಿದ್ದು. ನನಗೆ ಆರನೇ ಸೂಜಿಯಾದ ಮೂರನೇ ತಿಂಗಳಿಗೆ ಮುಟ್ಟು ಮರಳಿತು. ಗೆಣ್ಣುನೋವು ಹೋಗಲು ಇನ್ನೂ ಎರಡು ತಿಂಗಳು ಹಿಡಿಯಿತು.

ಕಳೆದ ಸಲ ಅವರ ಸೂಜಿಯ ದಿನ ನಾನು ಜೊತೆಗೆ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಅರವತ್ತು ದಾಟಿದ ಒಬ್ಬರು ತೊಡೆಯ ಮೇಲೆ ಹೊಚ್ಚಹೊಸ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ಇಬ್ಬರೂ ಮಾತಾಡುತ್ತಿರಲಿಲ್ಲ. ದೊಡ್ಡಪ್ಪ ಸರಿದು ಅವರ ಪಕ್ಕಕ್ಕೆ ಹೋದರು.

"ಮೊದಲನೇದಾ?"

ಅವರು ಹೌದೆಂದು ತಲೆಯಾಡಿಸಿದರು.

"ರಾತ್ರಿಗೆ ಎರಡು ಜೊತೆ ಹತ್ತಿ ಬನೀನು ಹಾಸಿಗೆ ಪಕ್ಕದಲ್ಲೇ ಇಟ್ಕೊಳ್ಳಿ. ಒಂದು ಒಣಗಿದ ಟವೆಲ್ಲು. ಅಮ್ಮಾ, ನೀವೂ ಸ್ವಲ್ಪ ಈ ಕಡೆ ಬನ್ನಿ, ನಿಮಗೂ ಹೇಳ್ಬೇಕು."